ಬೀರುವಲ್ಲಿಟ್ಟ ಕಿವಿ

ಪೀಣ್ಯ ಎರಡನೇ ಸ್ಟೇಜಿನ ಲೇತ್ ಶೆಡ್ಡು, ಪೌಡರ್ ಕೋಟಿಂಗ್ ಅಂಗ್ಡಿ ಎಲ್ಲಾ ದಾಟ್ಕೊಂಡು ತಿಗಳರಪಾಳ್ಯದ ಕಡೆ ಬಂದು, ಯಾರನ್ನಾದ್ರೂ ನಿಲ್ಸಿ "ಸೋಬಾನೆ ಮರಿಯಮ್ಮನ ಮನೆ ಎಲ್ಲಿ" ಅಂತ ಕೇಳಿ ನೋಡಿ. ಟೀ ಅಂಗ್ಡಿಯವನಾಗ್ಲಿ, ಗಾಡಿ ರಿಪೇರಿ ಮಾಡೋನಾಗ್ಲಿ, ಕೈ ತೋರ್ಸೋಕ್ಮುಂಚೆ ಒಂದ್ಸಲ ನಗ್ತಾನೆ. ಯಾಕಂದ್ರೆ ಅವನ ಮದ್ವೇಲಿ ಮರಿಯಮ್ಮ ಹಾಡಿರ್ತಾರೆ, ಇಲ್ಲಾಂದ್ರೆ ಅವ್ನಮ್ಮನ ಮದ್ವೇಲಿ ಹಾಡಿರ್ತಾರೆ.

ಈ ಕಾಲ್ದಲ್ಲಿ ಸೋಬಾನೆ ಪದ ಯಾರ್ರೀ ಕೇಳ್ತಾರೆ ಅಂತೀರಾ? ನಮ್ಮ ಕಡೆ ಕೇಳ್ತಾರೆ. ಕನ್ವೆನ್ಷನ್ ಹಾಲು, ಡ್ರೋನ್ ಕ್ಯಾಮ್ರಾ, ಡಿಜೆ ಎಲ್ಲಾ ಇರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಮನೆ ಮುಂದೆ ಚಪ್ಪರ ಹಾಕಿ, ಹುಡ್ಗೀನ ಹಸೆಮಣೆ ಮೇಲೆ ಕೂರ್ಸಿ ಅರಿಶಿನ ಹಚ್ಚೋ ಹೊತ್ನಲ್ಲಿ, ಮರಿಯಮ್ಮ ಗಂಟ್ಲು ಸರಿಮಾಡ್ಕೊಳ್ಳೋವರ್ಗೂ ಒಬ್ರೂ ಅರಿಶಿನದ ಬಟ್ಲಿಗೆ ಕೈ ಹಾಕ್ತಿರ್ಲಿಲ್ಲ. ಅದೇನ್ ಗಂಟ್ಲು ಗುರು ಅದು! ಮೈಕಿಲ್ಲ, ಏನಿಲ್ಲ. ಆಚೆ ಬೀದೀಲಿ ಪಾನಿಪುರಿ ತಿಂತಿದ್ದೋರೂ ಕೈ ನಿಲ್ಸಿ ಕೇಳ್ಬೇಕು.

ಆ ಪದ ಒಬ್ರೇ ಹಾಡೋದಲ್ಲ. ಮರಿಯಮ್ಮ ಒಂದ್ ಸಾಲು ಎತ್ತಿ ಬಿಡ್ತಾರೆ. ಅದು ನೆಲ ಮುಟ್ಟೋಕ್ಮುಂಚೆ ಜೊತೆಗಾತಿ ಪದ್ಮಾವತಮ್ಮ ಅದೇ ಸಾಲು ಹಿಡ್ಕೊಂಡು ತಿರ್ಗಿ ಹೇಳ್ತಾರೆ. ಅವ್ರ ದನಿ ಎಲ್ಲಿ ಇಳೀತೋ ಅಲ್ಲೇ ಮರಿಯಮ್ಮನ ಮುಂದಿನ್ ಸಾಲು. ಬಾವಿಕಟ್ಟೆ ಹತ್ರ ಇಬ್ರು ತುಂಬಿದ್ ಕೊಡಾನ ಕೈಯಿಂದ ಕೈಗೆ ಕೊಟ್ಟಂಗೆ, ಒಂದ್ ತೊಟ್ಟೂ ಚೆಲ್ಬಾರ್ದು. ಇಷ್ಟ್ ವರ್ಷ ಚೆಲ್ಲಿರ್ಲಿಲ್ಲ.

ಈ ಜೋಡಿ ಶುರುವಾಗಿದ್ದು ಎಲ್ಲಿ ಗೊತ್ತಾ? ಮೊಳೆ ಫ್ಯಾಕ್ಟ್ರೀಲಿ. ಮರಿಯಮ್ಮನ ಗಂಡ ಚಿಕ್ಕಬೈರಪ್ಪನವ್ರ ರಾಗಿ ಹೊಲ ಇಂಡಸ್ಟ್ರಿ ಏರಿಯಾಗೆ ಹೋಯ್ತು. ಗಂಡ ಸುಮ್ನೆ ಜಗಲಿ ಮೇಲೆ ಕೂತ್ಬಿಟ್ರು. ಮರಿಯಮ್ಮ ಕೂರ್ಲಿಲ್ಲ, ಬುತ್ತಿ ಕಟ್ಕೊಂಡು ಫ್ಯಾಕ್ಟ್ರಿಗೆ ಹೊಂಟ್ರು. ಮೊಳೆ ಮಿಷಿನ್ ಪಕ್ಕ ನಿಂತೋರಿಗೇ ಗೊತ್ತು ಅದೇನು ಅಂತ. ಒಂದ್ ಕಡೆಯಿಂದ ತಂತಿ ಒಳಗ್ ಹೋಗುತ್ತೆ, ಇನ್ನೊಂದ್ ಕಡೆಯಿಂದ ಮೊಳೆ ಉದುರುತ್ತೆ, ಮಧ್ಯದಲ್ಲಿ ಅದರ ತಲೆ ಚಪ್ಪಟೆ ಆಗೋ ಏಟಿದ್ಯಲ್ಲಾ, ಅದು ಕಿವಿಗಲ್ಲ, ಹಲ್ಲಿಗೆ ಕೇಳ್ಸುತ್ತೆ. ಅಂಥಾ ಮಿಷಿನ್ನು ಸಾಲಾಗಿ. ಜೊತೆಗೆ ಮೊಳೆ ಹೊಳಪು ಬರೋಕೆ ಮರದ ಹೊಟ್ಟು ಹಾಕಿ ತಿರುಗ್ಸೋ ದೊಡ್ ಡ್ರಮ್ಮು.

ಮಾಲೀಕ್ರು ಕೆಟ್ಟೋರಲ್ಲ. ಕಿವಿಗೆ ಹಾಕ್ಕೊಳ್ಳೋ ಬಿರಡೆ ಕೊಟ್ಟಿದ್ರು, ದಾರದಲ್ಲಿ ಪೋಣ್ಸಿರೋದು. ಮರಿಯಮ್ಮ, ಪದ್ಮಾವತಮ್ಮ ಇಬ್ರೂ ಅದನ್ನ ಕತ್ತಲ್ಲಿ ಸರದ ಥರ ನೇತಾಕ್ಕೊಂಡಿರ್ತಿದ್ರು. ಸೂಪರ್ವೈಸರ್ ಬಂದಾಗ ಕಿವಿಗೆ, ಹೋದ್ಮೇಲೆ ಕತ್ತಿಗೆ. ಯಾಕೆ? ಹಾಡೋಕೆ! ಡ್ರಮ್ಮಿನ ಆ ಕಡೆ ಒಬ್ರು, ಈ ಕಡೆ ಒಬ್ರು ನಿಂತ್ಕೊಂಡು, ಮಿಷಿನ್ ಸದ್ದಿನ ಮೇಲೆ ಸದ್ದು ಮಾಡಿ ಪದ ಹೇಳ್ತಿದ್ರು. ಬಿರಡೆ ಹಾಕ್ಕೊಂಡ್ರೆ ಒಬ್ರಿಗೊಬ್ರು ಕೇಳ್ಸಲ್ವಲ್ಲಾ. ಆ ಗಂಟ್ಲು ಅಲ್ಲೇ ಹದ ಆಗಿದ್ದು. ಕಿವಿ ಹಾಳಾಗಿದ್ದೂ ಅಲ್ಲೇ. ಅದು ಗೊತ್ತಾಗೋಕೆ ಮಾತ್ರ ತುಂಬಾ ವರ್ಷ ಬೇಕಾಯ್ತು.

ಗೊತ್ತಾಗಿದ್ದೂ ಒಂದೇ ದಿನ ಅಲ್ಲ. ಮೊದ್ಲು ಟಿವಿ ಸೌಂಡು. ಆಮೇಲೆ ಮೇಲ್ಗಡೆ ಬಾಡಿಗೆ ಹುಡ್ಗೀರು ಮೆಟ್ಲ ಮೇಲಿಂದ "ಆಂಟೀ ನೀರು ಬರ್ತಿಲ್ಲ" ಅಂದ್ರೆ, ಮರಿಯಮ್ಮ ನಗ್ತಾ ತಲೆ ಆಡ್ಸಿ ಒಳಗೋಗ್ಬಿಡೋರು. ಪಾಪ ಅವರು ಮೋಟ್ರು ಹಾಕೋಕೋದ್ರು ಅನ್ಕೊಂಡು ಬಕೆಟ್ ಹಿಡ್ಕೊಂಡು ನಿಂತಿರ್ತಿದ್ರು. ಯಾರ್ ಏನ್ ಹೇಳಿದ್ರೂ ತಲೆ ಆಡ್ಸೋದು, ಎಲ್ರೂ ನಕ್ರೆ ನಗೋದು. "ನಂಗೇನಾಗೈತೆ? ಈಗಿನ ಮಕ್ಳು ಬಾಯೊಳ್ಗೇ ಮಾತಾಡ್ತವೆ," ಅನ್ನೋರು.

ಆದ್ರೆ ಪದ ಹಂಗೆ ತಲೆ ಆಡ್ಸಿದ್ರೆ ಬಿಡಲ್ಲ.

ಮುನಿಕೃಷ್ಣ ಅಂತ ಪಕ್ಕದ್ ಬೀದಿಯವ್ರು, ಅವರ ಮಗಳ ಶಾಸ್ತ್ರ. ಮರಿಯಮ್ಮ ಸಾಲು ಬಿಟ್ರು. ಪದ್ಮಾವತಮ್ಮ ಹಿಡ್ಕೊಂಡ್ರು. ಅವ್ರ ಸಾಲು ಇನ್ನೂ ಅರ್ಧದಲ್ಲಿದೆ, ಇವ್ರು ಮುಂದಿನದು ಎತ್ಬಿಟ್ರು. ಎರಡೂ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ. ನಿಂತು, ಮತ್ತೆ ಶುರು ಮಾಡಿದ್ರು, ಮತ್ತೆ ಅಂಗೇ ಆಯ್ತು. ಹೆಂಗಸ್ರು ಸೆರಗು ಬಾಯಿಗಿಟ್ಕೊಂಡ್ರು. ಮರಿಯಮ್ಮನಿಗೆ ನಗು ಕೇಳಿಸ್ಲಿಲ್ಲ, ಭುಜ ಕುಲುಕೋದು ಕಾಣಿಸ್ತು. ಪದ್ಮಾವತಮ್ಮ ಮರಿಯಮ್ಮನ ಮಂಡಿ ಮೇಲೆ ಕೈ ಇಟ್ಕೊಂಡು ಕೂತ್ರು, ಅಷ್ಟೇ.

ಅದರ ಹಿಂದೇನೇ ಮೊಮ್ಮಗಳು ಭುವನೇಶ್ವರಿ ಮದ್ವೆ ಗೊತ್ತಾಯ್ತು. ಮಗ ನಂದೀಶ್ ಅವ್ರ ಒಬ್ಳೇ ಮಗಳು. ಮನೇಲಿ ಎಲ್ರೂ ಭುವಿ ಅಂತಾರೆ. ಮಾರತ್ತಹಳ್ಳಿ ಕಡೆ ಒಂದು ಆಫೀಸಲ್ಲಿ ಕೆಲ್ಸ, ಗಂಡಿನ ಮನೇನೂ ಆ ಕಡೇನೇ.

ಇಲ್ಲೊಂದು ವಿಷ್ಯ ಹೇಳ್ಬೇಕು. ಭುವಿ ಹುಟ್ಟಿದಾಗ ಮರಿಯಮ್ಮ ಒಂದ್ ಪದ ಕಟ್ಟಿದ್ರು. ಹಳೇದಲ್ಲ, ಯಾರಿಂದಾನೂ ಕಲ್ತಿದ್ದಲ್ಲ, ಸ್ವಂತದ್ದು. ಮೊಳೆ ಡ್ರಮ್ ತಿರುಗ್ತಾ ಇರೋವಾಗ ಕಟ್ಟಿದ್ದು.

"ಬೆಳ್ಳಿ ಬಟ್ಲಾಗೆ ಅರಿಶ್ಣ ಕಲ್ಸೀವ್ನಿ
ಬಾ ನನ್ನ ಭುವನಿ ಹಸೆಗೇರೆ
ಹಸೆಗೇರೆ ಮಗಳೆ, ಅಳಬ್ಯಾಡ, ನಿನ ಕೆನ್ನೆ
ಅರಿಶ್ಣ ಕಣ್ಣೀರ್ಗೆ ಕರಗಾದು"

ಇದನ್ನ ಬೇರೆ ಯಾರ ಮದ್ವೇಲೂ ಹಾಡಿರ್ಲಿಲ್ಲ. "ಈ ಪದ ನನ್ ಮಗೀದು. ಅವ್ಳ ಅರಿಶ್ಣದ ದಿನ ಬಾಯ್ಬುಡಾನ," ಅಂತ ಪದ್ಮಾವತಮ್ಮನ ಕೈಲೂ ಆಣೆ ಹಾಕ್ಸಿದ್ರು. ಭುವಿಗೂ ಗೊತ್ತಿತ್ತು ಅಜ್ಜಿ ಹತ್ರ ತನ್ನ ಹೆಸರಿನ ಪದ ಒಂದಿದೆ ಅಂತ. ಚಿಕ್ಕೋಳಿದ್ದಾಗ "ಒಂದ್ಸಲ ಹಾಡಜ್ಜಿ" ಅಂತ ಕಾಲ್ ಹಿಡ್ಕೊಂಡ್ರೂ ಅಜ್ಜಿ ಜಗ್ತಿರ್ಲಿಲ್ಲ.

ಈಗ ಸೊಸೆ ವನಜಕ್ಕ, ಅಂದ್ರೆ ಭುವಿ ಅಮ್ಮ, ಅಡುಗೆಮನೇಲಿ ತನ್ನ ತಂಗಿಗೆ ಮೆಲ್ಲಗೆ ಹೇಳಿದ್ದು ಭುವಿ ಕಿವಿಗೆ ಬಿತ್ತು. "ಅತ್ತೆ ಈ ಸಲ ಹಾಡೋದ್ ಬೇಡ ಕಣೆ. ಮುನಿಕೃಷ್ಣಣ್ಣನ ಮನೇಲಿ ಆಗಿದ್ದು ನಮ್ಮನೇಲೂ ಆದ್ರೆ? ಬೀಗ್ರು ಇರ್ತಾರೆ. ಫೋನಲ್ಲಿ ಅರಿಶಿನದ ಸಾಂಗ್ ಒಳ್ಳೊಳ್ಳೇವಿದಾವೆ, ಹಾಕ್ಬಿಡೋಣ."

ಭುವಿ ಶನಿವಾರ ಅಜ್ಜೀನ ಕರ್ಕೊಂಡು ಸೀದಾ ದಾಸರಹಳ್ಳಿ ಕಡೆ ಒಂದು ಕಿವಿ ಕ್ಲಿನಿಕ್ಕಿಗೆ ಹೋದ್ಳು.

ಅಲ್ಲಿ ಯಮುನಾ ಅಂತ ಮೇಡಂ, ಕಿವಿ ಪರೀಕ್ಷೆ ಮಾಡೋರು. ಮರಿಯಮ್ಮನ್ನ ಒಂದು ಪುಟ್ಟ ಗಾಜಿನ ರೂಮಲ್ಲಿ ಕೂರ್ಸಿ, ಕಿವಿಗೆ ಹೆಡ್‌ಫೋನ್ ಇಟ್ಟು, ಕೈಗೊಂದು ಗುಂಡಿ ಕೊಟ್ರು. ಸದ್ದು ಕೇಳ್ಸಿದ್ರೆ ಒತ್ಬೇಕು. ಮರಿಯಮ್ಮ ಪರೀಕ್ಷೆ ಬರೆಯೋ ಮಗು ಥರ ನೆಟ್ಟಗೆ ಕೂತ್ರು. ಮೊದ್ಲು ದಪ್ಪ ದಪ್ಪ ಸದ್ದು, ಗೂ... ಗೂ... ಅಂತ. ಒತ್ತಿದ್ರು. ಆಮೇಲೆ ಎಲ್ಲಾ ನಿಂತೋಯ್ತು. ಗಾಜಿನಾಚೆ ಮೇಡಂ ಕೈ ಆಡ್ತಾನೇ ಇದೆ, ಏನೋ ತಿರುಗಿಸ್ತಾನೇ ಇದಾರೆ, ಭುವಿ ಮುಖ ಸಣ್ಣಗಾಗ್ತಿದೆ. ಮರಿಯಮ್ಮನಿಗೆ ಏನೂ ಕೇಳ್ತಿಲ್ಲ. ಒಳಗೆ ಯಾರೋ ತನ್ನ ಹೆಸರು ಕೂಗ್ತಿದಾರೆ, ತಾನು ಬಾಗ್ಲು ತೆಗೀತಿಲ್ಲ ಅನ್ನೋ ಥರ ಅನ್ಸಿ, ಸುಮ್ನೆ ಒಂದೆರಡ್ಸಲ ಗುಂಡಿ ಒತ್ತಿದ್ರು. ಮೇಡಂ ನಕ್ಕು ಬೆರಳಾಡಿಸಿದ್ರು, ಬೇಡಮ್ಮ ಅಂತ.

ಆಚೆ ಬಂದ್ಮೇಲೆ ಯಮುನಾ ಮೇಡಂ ಹತ್ರ ಕೂತ್ಕೊಂಡು, ಮುಖಕ್ಕೆ ಮುಖ ಕೊಟ್ಟು, ನಿಧಾನಕ್ಕೆ ಹೇಳಿದ್ರು. "ಅಮ್ಮ, ನಿಮ್ ಕಿವಿ ಪೂರ್ತಿ ಹೋಗಿಲ್ಲ. ದಪ್ಪ ಸದ್ದು ಬರ್ತಿದೆ, ಸಣ್ಣದು ಬರ್ತಿಲ್ಲ. ಅದಕ್ಕೇ ಯಾರೋ ಮಾತಾಡ್ತಿದಾರೆ ಅಂತ ಗೊತ್ತಾಗುತ್ತೆ, ಏನ್ ಮಾತಾಡ್ತಿದಾರೆ ಅಂತ ಗೊತ್ತಾಗಲ್ಲ. ಹೌದಾ?"

ಮರಿಯಮ್ಮ ಬೆಚ್ಚಿಬಿದ್ರು. "ಅದ್ಯಂಗ್ ಗೊತ್ತಾಯ್ತವ್ವ ನಿಂಗೆ?"

"ಒಳಕಿವೀಲಿ ಸಣ್ ಸಣ್ ಕೂದ್ಲಿರ್ತಾವೆ, ಪೈರಿನ ಥರ. ಫ್ಯಾಕ್ಟ್ರಿ ಸದ್ದು ವರ್ಷಗಟ್ಲೆ ಅದನ್ನ ತುಳಿದ್ರೆ ಪೈರು ಮಲಗ್ಬಿಡುತ್ತೆ. ವಯಸ್ಸೂ ಸೇರ್ಕೊಳ್ಳುತ್ತೆ."

"ಗೊಬ್ರ ಗಿಬ್ರ ಆಕುದ್ರೆ?" ಅಂದ್ರು ಮರಿಯಮ್ಮ. "ತೊಟ್ಟಿನ ಔಸ್ದಿ ಏನಾರ?"

"ಇಲ್ಲಮ್ಮ. ಎಣ್ಣೆ ಬಿಡ್ಬೇಡಿ, ಏನೂ ಬಿಡ್ಬೇಡಿ. ಇದು ಮತ್ತೆ ಏಳೋ ಪೈರಲ್ಲ."

ಮರಿಯಮ್ಮ ತಲೆ ಆಡ್ಸಿದ್ರು. ಈ ಸಲ ಅರ್ಥ ಆಗೇ ಆಡ್ಸಿದ್ರು. ಹೊಲ ಹೋಗೋದು ಅಂದ್ರೇನು ಅಂತ ಅವ್ರಿಗೆ ಯಾರೂ ಹೇಳ್ಕೊಡ್ಬೇಕಾಗಿರ್ಲಿಲ್ಲ.

ಮಿಷಿನ್ ಹಾಕ್ಸಿದ್ರು. ಎರಡೂ ಕಿವಿಗೆ, ಹುಣಸೆ ಬೀಜದಷ್ಟು ದೊಡ್ಡದು, ಕಿವಿ ಹಿಂದೆ ಕೂತ್ಕೊಳ್ಳುತ್ತೆ, ಸಣ್ಣ ವೈರು ಒಳಗೋಗುತ್ತೆ. ಹಾಕಿದ ತಕ್ಷಣ ಮರಿಯಮ್ಮ ಕೈ ಎತ್ತಿ ನೋಡ್ಕೊಂಡ್ರು. ಬಳೆ! ಬಳೆ ಸದ್ದು ಮಾಡ್ತಿತ್ತು. ಎಷ್ಟೋ ವರ್ಷದಿಂದ ಹಾಕ್ಕೊಂಡಿರೋ ಬಳೆ. "ಅಜ್ಜಿ, ಕೇಳ್ಸುತ್ತಾ?" ಅಂದ್ಳು ಭುವಿ. ಮರಿಯಮ್ಮ ಬಾಯಿ ಮೇಲೆ ಕೈ ಇಟ್ಕೊಂಡ್ರು. "ಏನೇ ಮಗ, ನಿನ್ ದನಿ ಇಷ್ಟ್ ಸಣ್ಣದಾ!"

ಯಮುನಾ ಮೇಡಂ ಹೇಳಿದ್ದು ಮಾತ್ರ ಪೂರ್ತಿ ಕೇಳ್ಸಿತ್ತು, ಅದ್ರಲ್ಲಿ ಅನುಮಾನಾನೇ ಇಲ್ಲ. "ಅಮ್ಮ, ಇವತ್ತಿಂದ್ಲೇ ದಿನಾ ಹಾಕ್ಕೋಬೇಕು. ಮೊದ್ಲು ಮನೇಲಿ, ಸದ್ದಿಲ್ದಿರೋ ಕಡೆ, ಸ್ವಲ್ಪ ಹೊತ್ತು. ಆಮೇಲೆ ಜಾಸ್ತಿ ಮಾಡ್ತಾ ಹೋಗಿ. ಮಿಷಿನ್ ಸದ್ದು ಕೊಡುತ್ತೆ ಅಷ್ಟೇ, ಯಾವ್ದು ಬೇಕು ಯಾವ್ದು ಬೇಡ ಅಂತ ಆರಿಸೋದು ತಲೆ. ಅದಕ್ಕೆ ಅಭ್ಯಾಸ ತಪ್ಪೋಗಿದೆ, ಮತ್ತೆ ಕಲೀಬೇಕು. ವಾರಗಟ್ಲೆ ಹಿಡಿಯುತ್ತೆ. ಕಷ್ಟ ಆದ್ರೆ ಬನ್ನಿ, ಸೌಂಡ್ ಸರಿ ಮಾಡ್ಕೊಡ್ತೀನಿ. ಸುಮ್ನೆ ತೆಗ್ದಿಡ್ಬೇಡಿ."

ಆಟೋ ಹತ್ತಿದ್ರು. ಜಾಲಹಳ್ಳಿ ಕ್ರಾಸಿನ ಟ್ರಾಫಿಕ್ಕು ನಿಮ್ಗೇ ಗೊತ್ತಲ್ಲಾ. ಹಾರನ್ನು, ಲಾರಿ ಬ್ರೇಕು, ಮೇಲೆ ಮೆಟ್ರೋ. ಮರಿಯಮ್ಮ ಎರಡೂ ಕಿವಿಯಿಂದ ಮಿಷಿನ್ ಬಿಚ್ಚಿ, ಕರ್ಚೀಫಲ್ಲಿ ಸುತ್ತಿ, ಎಲೆಅಡಿಕೆ ಚೀಲದೊಳಗೆ ಇಟ್ಕೊಂಡ್ರು. ಮನೆಗ್ ಬಂದು ಬೀರು ತೆಗ್ದ್ರು. ರೇಷ್ಮೆ ಸೀರೆ, ಕಾಸಿನ ಸರ, ಅತ್ತೆ ಕೊಟ್ಟ ಮೂಗುತಿ, ಅದ್ರ ಪಕ್ಕ ಮಿಷಿನ್ ಡಬ್ಬಿ. ಬೀಗ. ಬೀಗದ ಕೈ ಸೊಂಟಕ್ಕೆ.

ಮೇಡಂ ಮಾತು ಮರ್ತ್ರು ಅಂತಲ್ಲ ಕಣ್ರೀ. ಅದಕ್ಕಿಂತ ಹಳೇ ಮಾತೊಂದು ಮೈಯಲ್ಲೇ ಇತ್ತು. ಒಳ್ಳೇ ಸೀರೆ ದಿನಾ ಉಡ್ತಾರಾ? ಕಾಸಿನ ಸರ ಹಾಕ್ಕೊಂಡು ಪಾತ್ರೆ ತೊಳೀತಾರಾ? ಮೊಮ್ಮಗಳು ಅಷ್ಟ್ ದುಡ್ಡು ಕೊಟ್ಟು ಕೊಡ್ಸಿರೋ ಸಾಮಾನು, ಒಲೆ ಮುಂದೆ ಬೆವ್ರಿಗೆ ಹಾಳಾದ್ರೆ? ಸ್ನಾನಕ್ ಹೋದಾಗ ಯಾರಾದ್ರೂ ಎತ್ಕೊಂಡ್ರೆ? ಮದ್ವೆ ದಿನ ಬೇಕು, ಮದ್ವೆ ದಿನಕ್ಕಿರ್ಲಿ. ಶುಕ್ರವಾರ ಬೀರು ತೆಗ್ದು ಲಕ್ಷ್ಮಿ ಫೋಟೋಗೆ ಕುಂಕುಮ ಇಡೋವಾಗ ಆ ಡಬ್ಬಿಗೂ ಒಂದ್ ಬೊಟ್ಟು.

ಸಂಜೆ ಭುವಿ ಆಫೀಸಿಂದ ಬಂದು ಬರೀ ಕಿವಿ ನೋಡಿ ಕೇಳೋಳು, "ಅಜ್ಜೀ, ಎಲ್ಲಿ?"

"ಈಗ್ ತಾನೇ ಬಿಚ್ಚಿಟ್ಟೆ ಕಣೆ. ಬೆಳಿಗ್ಗೆಯಿಂದ ಇತ್ತು."

"ನಿಜ್ವಾಗ್ಲೂ?"

"ನಿನ್ ತಲೆಯಾಣೆ ಆಕ್ಸ್ಕೊಬ್ಯಾಡ, ಓಗು ಕೈಕಾಲ್ ತೊಳ್ಕೊ."

ಪದ್ಮಾವತಮ್ಮ ಪದ ತಾಲೀಮಿಗೆ ಬಂದ್ರೆ ಅವ್ರಿಗೂ ಇದೇ. "ಅಕ್ಕಯ್ಯ, ಆ ಮಿಷಿನ್ನಾದ್ರೂ ಆಕ್ಕೊಳೆ. ಒಂದ್ ದಪ ನೋಡಾನ," ಅಂತ ಕೈಸನ್ನೆ ಮಾಡಿದ್ರೆ, ಮರಿಯಮ್ಮ ಸೊಂಟದ ಬೀಗದ ಕೈ ತಟ್ಟಿ ತೋರ್ಸಿ, "ಅವತ್ತಾಕ್ತೀನಿ ಬುಡೇ ಪದ್ದಿ. ಅವತ್ ನೋಡು ನಮ್ ಜೋಡಿನ. ನಕ್ಕೋರೆಲ್ಲಾ ಬಾಯ್ ಮುಚ್ಕೊಬೇಕು," ಅನ್ನೋರು. ಪದ್ಮಾವತಮ್ಮನೂ ಒತ್ತಾಯ ಮಾಡ್ತಿರ್ಲಿಲ್ಲ. ಎಲೆ ಮಡ್ಚಿ ಬಾಯಿಗಾಕ್ಕೊಂಡು ಎದ್ದೋಗ್ತಿದ್ರು.

ಆ ದಿನ ಬಂತು.

ಮನೆ ಮುಂದೆ ಚಪ್ಪರ, ಬಾಳೆಕಂದು, ಮಾವಿನೆಲೆ. ಬೆಳಿಗ್ಗೇನೇ ವಾಲಗದೋರು ಬಂದು ಶುರು ಹಚ್ಕೊಂಡಿದ್ರು. ಭುವಿ ಕಸಿನ್‌ಗಳು ಸಾಯಂಕಾಲದ ಡಿಜೆಗೆ ಆಳೆತ್ತರದ ಬಾಕ್ಸ್ ತಂದು "ಚೆಕ್ ಚೆಕ್" ಅಂತಿದ್ರು. ಹಿಂದೆ ಅಡುಗೆಯವ್ರು ಕೊಪ್ಪರಿಗೆ ಎಳೀತಿದ್ರು. ಮರಿಯಮ್ಮ ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು, ಸರ ಹಾಕಿ, ಮೂಗುತಿ ಹಾಕಿ, ಕೊನೇಲಿ, ಹಿಂದಿನ್ ರಾತ್ರಿ ಭುವಿ ಇಸ್ಕೊಂಡು ಚಾರ್ಜಿಗಿಟ್ಟಿದ್ದ ಮಿಷಿನ್ನ ಕಣ್ಣಿಗೊತ್ಕೊಂಡು ಎರಡೂ ಕಿವಿಗೆ ಹಾಕ್ಕೊಂಡ್ರು. ಆಚೆ ಬಂದ್ರು.

ಹೆಂಗ್ ಹೇಳೋದು ಅದನ್ನ? ಮೊಳೆ ಫ್ಯಾಕ್ಟ್ರಿ ಬಾಗ್ಲು ತೆಗೆದಂಗಾಯ್ತು. ನಾಗಸ್ವರ ಕಿವಿಯೊಳಗೇ ಊದ್ತಿದಾರೆ. ಕೊಪ್ಪರಿಗೆ ತಲೆ ಮೇಲೇ ಎಳೀತಿದಾರೆ. ಯಾವ್ದು ಹತ್ರ ಯಾವ್ದು ದೂರ ಗೊತ್ತಾಗ್ತಿಲ್ಲ, ಮಗು ಅಳೋದೂ, ಪ್ಲಾಸ್ಟಿಕ್ ಚೇರು ಎಳೆಯೋದೂ, ಬೀಗ್ತಿ ನಗೋದೂ ಎಲ್ಲಾ ಒಂದೇ ಅಳತೆ. ಮರಿಯಮ್ಮ ಚಪ್ಪರದ ಕಂಬ ಹಿಡ್ಕೊಂಡ್ರು.

ಭುವಿ ಹಸೆಮಣೆ ಮೇಲೆ ಕೂತಿದ್ಳು, ಹಳದಿ ಸೀರೆ. ವನಜಕ್ಕ ಬೆಳ್ಳಿ ಬಟ್ಲು ತಂದಿಟ್ರು. ವಾಲಗ ನಿಲ್ತು. ಎಲ್ರೂ ಮರಿಯಮ್ಮನ ಕಡೆ ತಿರುಗಿದ್ರು. ಪದ್ಮಾವತಮ್ಮ ಎದುರಿಗೆ ಕೂತು ತಲೆ ಆಡ್ಸಿದ್ರು, ಎತ್ಕೊ ಅಂತ.

ಮರಿಯಮ್ಮ ಶಾಸ್ತ್ರಕ್ಕೆ ಅಂತ ಸೆರಗು ತಲೆ ಮೇಲೆ ಎಳ್ಕೊಂಡ್ರು. ಕುಂಯ್... ಅಂತ ಕಿವಿಯೊಳಗೆ ಸೀಟಿ. ಪಕ್ಕದಲ್ಲಿದ್ದೋಳು ಯಾರದೋ ಫೋನ್ ಅನ್ಕೊಂಡು ಬ್ಯಾಗ್ ತಡಕಾಡಿದ್ಳು. ಸೆರಗು ಸರಿಸಿದ್ರೆ ನಿಲ್ಲುತ್ತೆ, ಮುಚ್ಚಿದ್ರೆ ಮತ್ತೆ ಸೀಟಿ. ಆಗ್ಲಿ ಅಂತ ಬರೀ ತಲೇಲೇ ಗಂಟ್ಲು ಬಿಟ್ರು.

"ಬೆಳ್ಳಿ ಬಟ್ಲಾಗೆ..."

ಅಷ್ಟೇ. ಸ್ವಂತ ದನಿ ಹಂಡೆಯೊಳಗೆ ಕೂಗಿದಂಗೆ ತಲೆಯೊಳಗೆ ಬಡೀತು. ಇದು ಯಾರ್ದು ಈ ದನಿ? ಬಾಯಿ ತಾನಾಗೇ ಮುಚ್ಕೊಳ್ತು. ಮತ್ತೆ ಎತ್ತಿದ್ರು, ಸಾಲು ಮುಗಿಸಿದ್ರು, ಪದ್ಮಾವತಮ್ಮನ ಸರದಿ. ಪದ್ಮಾವತಮ್ಮನ ಬಾಯಿ ಆಡ್ತಿದೆ, ಆದ್ರೆ ಆ ದನಿ ಎಲ್ಲಿ? ಬಳೆ ಸದ್ದು, ಕೆಮ್ಮು, ಹಿಂದ್ಗಡೆ ಒಗ್ಗರಣೆ ಚಟಪಟ, ಇದೆಲ್ಲದರ ಮಧ್ಯದಲ್ಲಿ ಅದನ್ನ ಹುಡುಕೋಕೆ ಆಗ್ಲಿಲ್ಲ. ಮಿಷಿನ್ ಎಲ್ಲಾನೂ ತಂದು ಸುರೀತಿತ್ತು. ಆರಿಸಿ ಕೊಡೋರು ಯಾರೂ ಇರ್ಲಿಲ್ಲ.

ಒಂದ್ ಕಿವೀದು ಬಿಚ್ಚಿದ್ರು. ಇನ್ನೊಂದೂ ಬಿಚ್ಚಿದ್ರು. ಈಗ ಎಲ್ಲಾ ದೂರ ಹೋಯ್ತು, ಮಂದವಾಯ್ತು. ಪದ್ದಿ ತುಟಿ ನೋಡ್ಕೊಂಡು ಹಾಡ್ತೀನಿ ಅಂತ ಧೈರ್ಯ ಮಾಡಿ ಮತ್ತೆ ಮೊದ್ಲಿಂದ ಎತ್ಕೊಂಡ್ರು. ಸಾಲು ಬಿಟ್ಟ ಹೊತ್ಗೆ ಪದ್ಮಾವತಮ್ಮ ಉಸ್ರು ತಗೊಳ್ಳೋಕೆ ತಲೆ ತಗ್ಗಿಸಿದ್ರು, ತುಟಿ ಕಾಣಿಸ್ಲಿಲ್ಲ. ಅವ್ರ ಸರದಿ ಮುಗೀತು ಅನ್ಕೊಂಡು ಮರಿಯಮ್ಮ ಮುಂದಿನ್ ಸಾಲು ಬಿಟ್ರು. ಪದ್ಮಾವತಮ್ಮ ಆಗ ತಾನೇ ಹಿಂದಿನ್ ಸಾಲು ಶುರು ಮಾಡಿದ್ರು. ಕೊಡ ಕೈಜಾರಿ ಬಿದ್ದೇ ಹೋಯ್ತು.

ಯಾರೂ ನಗ್ಲಿಲ್ಲ ಈ ಸಲ. ಅದೇ ಇನ್ನೂ ಕಷ್ಟ. ಬೀಗ್ರು ಕಡೆ ಹೆಂಗಸೊಬ್ರು "ಪಾಪ, ವಯಸ್ಸಾಯ್ತು" ಅಂದಿದ್ದು ಮರಿಯಮ್ಮನಿಗೆ ಕೇಳಿಸ್ಲಿಲ್ಲ, ಮುಖ ನೋಡಿದ್ರೇ ಗೊತ್ತಾಯ್ತು. ವನಜಕ್ಕ ಕೆಟ್ಟತನಕ್ಕಲ್ಲ, ಅತ್ತೆ ಮರ್ಯಾದೆ ಉಳಿಸೋಕೇ ಅಂತ, ಕಸಿನ್ ಹುಡುಗ್ರಿಗೆ ಕಣ್ಸನ್ನೆ ಮಾಡಿದ್ರು. ಆಳೆತ್ತರದ ಬಾಕ್ಸಲ್ಲಿ ಸಾಂಗ್ ಬಂತು. ಎಲ್ರೂ ಚಪ್ಪಾಳೆ ತಟ್ಕೊಂಡು ಎದ್ರು, ಅರಿಶಿನ ಹಚ್ಚೋಕೆ ಶುರು ಮಾಡಿದ್ರು. ನೆಲ ಅದುರೋದು ಮರಿಯಮ್ಮನ ಅಂಗಾಲಿಗೆ ಗೊತ್ತಾಗ್ತಿತ್ತು.

ಭುವಿ ಒಬ್ಳೇ ನಗ್ತಿರ್ಲಿಲ್ಲ. ಅರಿಶಿನ ಮೆತ್ತಿದ ಮುಖದಲ್ಲಿ ಅಜ್ಜೀನೇ ನೋಡ್ತಿದ್ಳು. ಕಣ್ಣೀರು ಕೆನ್ನೆ ಮೇಲಿನ ಅರಿಶಿನದಲ್ಲಿ ಗೆರೆ ಕೊಯ್ಕೊಂಡು ಇಳೀತಿತ್ತು. ಪದದಲ್ಲಿ ಬೇಡ ಅಂತ ಹೇಳಿದ್ದೇ ಅದು. ಮರಿಯಮ್ಮ ಎರಡೂ ಮಿಷಿನ್ನ ಅಂಗೈಲಿ ಬಿಗಿಹಿಡ್ಕೊಂಡು, ಎಲ್ರೂ ಚಪ್ಪಾಳೆ ತಟ್ಟೋದು ನೋಡಿ, ತಾವೂ ಒಂದು ಕೈಯಿಂದ ಮಂಡಿ ತಟ್ತಾ ಕೂತ್ರು.

ಮದ್ವೆ ಆಯ್ತು. ಭುವಿ ಹೋದ್ಳು. ಕಾರು ಹತ್ತೋಕ್ಮುಂಚೆ ಅಜ್ಜಿ ಕಿವಿ ಹತ್ರ ಬಾಯಿಟ್ಟು ಏನೋ ಹೇಳಿದ್ಳು. ಮರಿಯಮ್ಮ ತಲೆ ಆಡ್ಸಿದ್ರು. ಅದೇನು ಹೇಳಿದ್ಳೋ ಇವತ್ತಿಗೂ ಗೊತ್ತಿಲ್ಲ. ಕೇಳೋಕೆ ನಾಚ್ಕೆ.

ಚಪ್ಪರ ಬಿಚ್ಚಿದ್ಮೇಲೆ ಮರಿಯಮ್ಮ ಯಾರಿಗೂ ಹೇಳ್ದೆ, ಪದ್ಮಾವತಮ್ಮನ್ನ ಕರ್ಕೊಂಡು ಬಸ್ಸಲ್ಲಿ ಯಮುನಾ ಮೇಡಂ ಹತ್ರ ಹೋದ್ರು. ಡಬ್ಬಿ ಟೇಬಲ್ ಮೇಲಿಟ್ರು. ಮುಚ್ಚಳದ ಮೇಲೆ ಕುಂಕುಮ. ಮೇಡಂ ಅದನ್ನ ನೋಡಿ, ಅವರ ಮುಖ ನೋಡಿ, ಎಲ್ಲಾ ಅರ್ಥ ಮಾಡ್ಕೊಂಡ್ರು. ಬೈಲಿಲ್ಲ.

"ಒಡವೆ ಥರ ಎತ್ತಿಟ್ಬಿಟ್ರಾ ಅಮ್ಮ?"

"ಊಂ ಕಣವ್ವ. ಒಳ್ಳೇ ದಿನಕ್ಕೆ ಅಂತ."

"ಇದು ಒಡವೆ ಅಲ್ಲ, ಚಪ್ಲಿ ಅನ್ಕೊಳ್ಳಿ. ದಿನಾ ಮೆಟ್ಟಿ ನಡೆದ್ರೇನೇ ಕಾಲಿಗೆ ಹೊಂದೋದು. ಮೊದ್ಲು ಕಚ್ಚುತ್ತೆ."

ಮೇಡಂ ಕಂಪ್ಯೂಟರಿಗೆ ಹಾಕಿ ಸದ್ದು ಸ್ವಲ್ಪ ಮೆತ್ತಗೆ ಮಾಡಿದ್ರು, ಸೀಟಿ ಬರ್ದಂಗೆ ಕಿವಿಯೊಳಗಿನ ರಬ್ಬರು ಬದ್ಲಾಯಿಸಿದ್ರು. "ಮುಂಚಿನಂಗೆ ಆಗ್ತದಾ?" ಅಂತ ಮರಿಯಮ್ಮ ಕೇಳಿದ್ರು. ಮೇಡಂ ಸುಳ್ಳು ಹೇಳ್ಲಿಲ್ಲ. "ಮುಂಚಿನಂಗೆ ಆಗಲ್ಲಮ್ಮ. ಈಗಿರೋದಕ್ಕಿಂತ ಚೆನ್ನಾಗಾಗುತ್ತೆ."

ಆವತ್ತಿಂದ ಮರಿಯಮ್ಮ ಹಠ ಹಿಡಿದ್ರು. ಬೆಳಿಗ್ಗೆ ಮುಖ ತೊಳೆದು ಕುಂಕುಮ ಇಡೋದು, ಮಿಷಿನ್ ಹಾಕೋದು. ಮೊದಮೊದ್ಲು ನಲ್ಲಿ ನೀರು ಬಿದ್ರೂ ಹಣೆ ನೋವು. ಪಾತ್ರೆ ತೊಳೆಯೋದು ಅಂದ್ರೆ ಯುದ್ಧ. ಕಿತ್ತೆಸೆಯೋಣ ಅನ್ಸಿ ಬೀರು ಹತ್ರ ಹೋಗಿ ನಿಂತು ವಾಪಸ್ ಬಂದಿದ್ದೂ ಉಂಟು. ನಿಧಾನಕ್ಕೆ ಒಂದೊಂದೇ ಸದ್ದು ತನ್ನ ಜಾಗಕ್ಕೆ ಹೋಗಿ ಕೂತ್ಕೊಳ್ತು. ಹಾಲು ಉಕ್ಕೋಕ್ಮುಂಚೆ ಸುಂಯ್ ಅನ್ನುತ್ತೆ, ಅದು ಕೇಳ್ಸಿ ಓಡೋಗಿ ಒಲೆ ಆರ್ಸಿದ ದಿನ, ವನಜಕ್ಕ ಬಾಯ್ ಬಿಟ್ಕೊಂಡು ನೋಡಿದ್ರು. ಮೇಲಿನ ಹುಡ್ಗೀರು "ಆಂಟೀ" ಅಂದ್ರೆ "ಮೋಟ್ರಾ? ತಡೀರಿ, ಆಕ್ತೀನಿ" ಅಂತ ಇಲ್ಲಿಂದ್ಲೇ ಉತ್ರ. ಟಿವಿ ಸೌಂಡ್ ಅರ್ಧಕ್ಕೆ ಇಳೀತು. ಭುವಿ ಫೋನ್ ಮಾಡಿದ್ರೆ "ಉಪ್ಸಾರು ಮಾಡಿದ್ಯಾ, ಕಾರ ಅರೀಲಿಲ್ವಾ" ಅಂತ ಮಾತಿಗ್ ಮಾತು. ಬರೀ ಹೂಂ ಅನ್ನೋದು ನಿಂತೋಯ್ತು. ಆದ್ರೆ ಆ ಪದದ ವಿಷ್ಯ ಅಜ್ಜೀನೂ ಎತ್ಲಿಲ್ಲ, ಮೊಮ್ಮಗಳೂ ಎತ್ಲಿಲ್ಲ.

ಒಂದಿನ ಮಧ್ಯಾಹ್ನ ಬೀದಿ ತಣ್ಣಗಿತ್ತು. ಕರೆಂಟ್ ಹೋಗಿ ಸುತ್ತಮುತ್ತಲ ಶೆಡ್ಡೆಲ್ಲಾ ನಿಂತಿತ್ತು. ಪದ್ಮಾವತಮ್ಮ ಬಂದು ಜಗಲಿ ಮೇಲೆ ಕೂತ್ರು. ಮರಿಯಮ್ಮನ ಕಿವೀಲಿ ಮಿಷಿನ್ ಇತ್ತು. "ಒಂದ್ ಸಾಲು ಏಳೇ ಪದ್ದಿ," ಅಂದ್ರು.

"ಬ್ಯಾಡ ಬುಡಕ್ಕ. ಈಗ್ಯಾಕೆ?"

"ಏಳೇ ಅಂದ್ರೆ."

ಪದ್ಮಾವತಮ್ಮ ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ಎತ್ತಿದ್ರು. ಬೆಳ್ಳಿ ಬಟ್ಲಾಗೆ.

ಮರಿಯಮ್ಮ ಅವ್ರ ಮುಖಾನೇ ನೋಡ್ತಾ ಕೂತ್ರು. ಇದು ಪದ್ದಿ ದನೀನಾ? ಒಣಗಿದ ಜೋಳದ ಸೊಪ್ಪೆ ಮುರ್ದಂಗೆ, ಸಾಲಿನ ಮಧ್ಯ ಎರಡ್ ಕಡೆ ಕಿತ್ತೋಗ್ತಿತ್ತು. ಡ್ರಮ್ಮಿನಾಚೆಯಿಂದ ಬರ್ತಿದ್ದ ಆ ದನಿ, ಕಿವಿ ಹೋದ್ಮೇಲೂ ತಲೆಯೊಳಗೆ ಹಂಗೇ ಉಳ್ಕೊಂಡಿದ್ದ ಆ ದನಿ ಇದಲ್ಲ.

"ಶೀತ ಆಗೈತೇನೆ?"

"ಯಾವ್ ಶೀತಾನೂ ಇಲ್ಲ. ನನ್ ಗಂಟ್ಲೇ ಇಂಗೆ."

"ಯಾವಾಗಿಂದ?"

ಪದ್ಮಾವತಮ್ಮ ಎಲೆಗೆ ಸುಣ್ಣ ಹಚ್ಚೋಕೆ ಶುರು ಮಾಡಿದ್ರು. ಹಚ್ಚಿದ್ ಕಡೇನೇ ಹಚ್ತಿದ್ರು. "ವರ್ಸಗಳಾಯ್ತು. ಉಸ್ರು ಸಾಲಾಕಿಲ್ಲ ಅಕ್ಕಯ್ಯ. ನೀನು ಸಾಲ್ ಬುಟ್ರೆ ತಕ್ಷಣ ಇಡ್ಕೊಳಾಕಾಗಾಕಿಲ್ಲ. ತಡ ಆಯ್ತದೆ. ನಿಂಗ್ ಎಂಗೂ ಕೇಳಾಕಿಲ್ವಲ್ಲ ಅಂತ ಸುಮ್ಕಿದ್ದೆ."

"ಮುನಿಕೃಷ್ಣನ ಮನೇಲಿ?"

"ಊಂ. ಅವತ್ತೂ ನಾನೇ ತಡ ಮಾಡಿದ್ದು."

"ಮಗೀನ ಅರಿಶ್ಣದಲ್ಲಿ?"

ಪದ್ಮಾವತಮ್ಮ ಎಲೆ ಮಡಚಿ ಕೈಲೇ ಇಟ್ಕೊಂಡ್ರು.

ಮರಿಯಮ್ಮನಿಗೆ ಕೋಪ ಬಂತು. ಎಲ್ಲಾ ನನ್ ಕಿವೀದೇ ತಪ್ಪು ಅಂತ ಎಷ್ಟ್ ಕೊರಗಿದ್ರು, ಎಷ್ಟ್ ಜನರ ಮುಂದೆ ತಲೆ ತಗ್ಗಿಸಿದ್ರು! ಬೈಯೋಕೆ ಬಾಯಿ ತೆಗ್ದ್ರು. ಎದುರಿಗೆ ಕೂತಿದ್ದೋಳ ಕತ್ತಿನ ನರ ಆಡೋದು ಕಾಣಿಸ್ತು. ಆ ಕತ್ತಲ್ಲೂ ಒಂದ್ ಕಾಲದಲ್ಲಿ ಬಿರಡೆ ದಾರ ನೇತಾಡ್ತಿತ್ತು. ಏನಂತ ಬೈಯೋದು? ಒಬ್ರ ಕಿವಿ ಹೋಯ್ತು, ಒಬ್ರ ಗಂಟ್ಲು ಹೋಯ್ತು.

"ಫೋನಲ್ಲಿ ರೆಕಾಡ್ ಮಾಡಿ ಕಳ್ಸಾನ ಮಗೀಗೆ?" ಅಂದ್ರು ಪದ್ಮಾವತಮ್ಮ.

"ಅರಿಶ್ಣ ತೊಳ್ಕೊಂಡ್ ಓದ್ಮೇಲೆ ಅರಿಶ್ಣದ ಪದ ತಗೊಂಡು ಅವ್ಳೇನ್ ಮಾಡಾಳು," ಅಂದ್ರು ಮರಿಯಮ್ಮ.

 ಆಮೇಲೆ ಮರಿಯಮ್ಮ ತಾವೇ ಎತ್ಕೊಂಡ್ರು, ಮೆಲ್ಲಗೆ, ಜಗಲಿ ದಾಟದಷ್ಟು. ಬಾ ನನ್ನ ಭುವನಿ ಹಸೆಗೇರೆ. ಸಾಲು ಬಿಟ್ರು. ನಿಲ್ಲಿಸಿದ್ರು. ಪದ್ಮಾವತಮ್ಮನ ಬಾಯಿಂದ ದನಿ ಬರೋಕ್ಮುಂಚೆ ಒಂದು ಸಣ್ಣ ಸದ್ದು ಕೇಳಿಸ್ತು, ಒಳಗೆ ಎಳ್ಕೊಳ್ಳೋ ಉಸ್ರು, ಅಲ್ಲಲ್ಲಿ ಸಿಕ್ಕಾಕ್ಕೊಂಡು ಎಳೀತಿತ್ತು. ಅಷ್ಟ್ ಸಣ್ಣ ಸದ್ದು ಬರೀ ಕಿವೀಲಿ ಯಾವತ್ತೂ ಕೇಳ್ತಿರ್ಲಿಲ್ಲ.

ಶೆಡ್ಡುಗಳಿಗೆ ಕರೆಂಟ್ ಬಂತು. ಲೇತು, ಪ್ರೆಸ್ಸು ಒಂದೊಂದೇ ಶುರುವಾದ್ವು. ಪದ್ಮಾವತಮ್ಮ ಇನ್ನೂ ಉಸ್ರು ಎಳ್ಕೊಳ್ತಾನೇ ಇದ್ರು. ಮರಿಯಮ್ಮ ಕಾಯ್ತಾ ಕೂತ್ರು.